ಆಸ್ಥಾನದಲ್ಲಿ ನಿಂತವರ ಹೆಸರು ಬರೆಯಿರಿ

1960ರಲ್ಲಿ ಭಾರತದ ಬೆಳ್ಳಿತೆರೆಗೆ ಇಬ್ಬರು ರಾಜರು ಬಂದರು. ಒಬ್ಬ ಆಗ್ರಾದ ಅಕ್ಬರ್, ಇನ್ನೊಬ್ಬ ನಮ್ಮ ಶ್ರೀರಂಗಪಟ್ಟಣದ ರಣಧೀರ ಕಂಠೀರವ. ಕೆ. ಆಸಿಫ್ ಅವರ 'ಮೊಘಲ್-ಎ-ಆಜಮ್' ಆ ವರ್ಷದ ಆಗಸ್ಟ್ 5ರಂದು ಮುಂಬಯಿಯ ಮರಾಠಾ ಮಂದಿರದಲ್ಲಿ ತೆರೆ ಕಂಡಾಗ ಅದರ ಹಿಂದೆ ಹತ್ತು ವರ್ಷಕ್ಕೂ ಮೀರಿದ ದುಡಿಮೆ ಇತ್ತು, ಶಾಪೂರ್ಜಿ ಪಲ್ಲೋನ್‌ಜಿ ಅವರ ಬಂಡವಾಳ ಇತ್ತು. 'ರಣಧೀರ ಕಂಠೀರವ'ದ ಹಿಂದೆ ಇದ್ದದ್ದು ಊರೂರು ಅಲೆದು ನಾಟಕವಾಡಿ ಕೂಡಿಸಿದ ದುಡ್ಡು.

ಆ ಕಥೆ ಗೊತ್ತಿದ್ದವರಿಗೂ ಇನ್ನೊಮ್ಮೆ ಹೇಳಬೇಕು. 1954ರಲ್ಲಿ 'ಬೇಡರ ಕಣ್ಣಪ್ಪ' ಗೆದ್ದ ಮೇಲೂ ಕನ್ನಡದ ಕಲಾವಿದರಿಗೆ ವರ್ಷವಿಡೀ ಕೆಲಸ ಇರಲಿಲ್ಲ. ಚಿತ್ರಗಳು ತಯಾರಾಗುತ್ತಿದ್ದದ್ದೇ ಕಡಿಮೆ, ಅವೂ ಬಹುಪಾಲು ಮದರಾಸಿನ ಸ್ಟುಡಿಯೊಗಳಲ್ಲಿ. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿಕೊಂಡು ನಾಡಿನಲ್ಲೆಲ್ಲ ನಾಟಕ ಆಡಿದರು. ಆ ಗಳಿಕೆಯನ್ನು ಹಂಚಿಕೊಂಡು ಮನೆಗೆ ಹೋಗಬಹುದಿತ್ತು. ಅವರು ಹೋಗಲಿಲ್ಲ, ಅದನ್ನೇ ಹೂಡಿ ರಾಜನೊಬ್ಬನ ಚಿತ್ರ ಮಾಡಿದರು. ಬರವಣಿಗೆ ಅಯ್ಯರ್ ಅವರದು, ನಿರ್ದೇಶನ ಎನ್.ಸಿ. ರಾಜನ್, ಸಂಗೀತ ಜಿ.ಕೆ. ವೆಂಕಟೇಶ್. ಜೊತೆಗೆ ಉದಯಕುಮಾರ್, ಲೀಲಾವತಿ, ವೀರಭದ್ರಪ್ಪ. ನಿರ್ಮಾಪಕರ ಜಾಗದಲ್ಲಿ ಸಾಹುಕಾರರ ಹೆಸರಿಲ್ಲ, ಕಲಾವಿದರ ಸಂಘದ ಹೆಸರಿದೆ. ನನ್ನ ಮಟ್ಟಿಗೆ ಕನ್ನಡ ಚಿತ್ರರಂಗದ ಅತ್ಯಂತ ದೊಡ್ಡ ಸಂಗತಿ ಇದು. ರಾಜನ ಕಥೆಗೆ ಒಡೆಯರಾಗಿದ್ದವರು ಬಣ್ಣ ಹಚ್ಚಿ ದುಡಿದು ತಿನ್ನುವವರು.

ನಾನು ಮಂಡ್ಯದಲ್ಲಿ ಡ್ರಾಮಾ ಸೀನರಿ ನಡೆಸುವವಳು. ನಮ್ಮ ಕಡೆ ಬೇಸಿಗೆ ಬಂತೆಂದರೆ ಹಳ್ಳಿಹಳ್ಳಿಯಲ್ಲಿ 'ಕುರುಕ್ಷೇತ್ರ' ಆಡುತ್ತಾರೆ. ಪರದೆ, ವಿಂಗು, ಸಿಂಹಾಸನ, ಕಿರೀಟ, ಭುಜಕೀರ್ತಿ, ಎದೆಕವಚ, ಗದೆ, ಕತ್ತಿ ಎಲ್ಲ ನಮ್ಮಂಥ ಅಂಗಡಿಗಳಿಂದ ಬಾಡಿಗೆಗೆ ಹೋಗುತ್ತವೆ. ಈ ಕೆಲಸ ಮಾವನವರಿಂದ ಬಂದದ್ದು. ಕಿರೀಟಕ್ಕೆ ಬೇಗಡೆ ಅಂಟಿಸುವುದು, ಮಖಮಲ್ಲಿಗೆ ಜರಿಪಟ್ಟಿ ಹೊಲಿಯುವುದು, ಚಮಕಿ ಕೂರಿಸುವುದು ನಾನು ಅತ್ತೆಯ ಪಕ್ಕದಲ್ಲಿ ಕೂತು ಕಲಿತದ್ದು. ನಡುನಡುವೆ ಸಿನಿಮಾದವರಿಗೂ, ಧಾರಾವಾಹಿಯವರಿಗೂ ರಾಜ, ಮಂತ್ರಿ, ಸೈನಿಕರ ಉಡುಪು ಕೊಟ್ಟು ಸೆಟ್ಟಿನಲ್ಲಿ ನಿಂತು ಉಡಿಸಿ ಬಂದಿದ್ದೇನೆ. ಆದ್ದರಿಂದ ಐತಿಹಾಸಿಕ ಚಿತ್ರ ನೋಡುವಾಗ ನನ್ನ ಕಣ್ಣು ಸಿಂಹಾಸನದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಚಾಮರ ಬೀಸುವ ಹುಡುಗಿಯರು, ಪರಾಕು ಹೇಳುವವನು, ಈಟಿ ಹಿಡಿದು ಕಂಬದ ಪಕ್ಕ ನಿಂತವರು, ಅವರ ಕಡೆಗೇ ಹೋಗುತ್ತದೆ.

ರಾಜ ರಾಜನಾಗಿ ಕಾಣುವುದು ಅವರಿಂದ. ಆಸ್ಥಾನದಲ್ಲಿ ರಾಜ ಬಂದಾಗ ನೂರು ಜನ ಒಟ್ಟಿಗೆ ತಲೆ ಬಾಗಿಸದಿದ್ದರೆ ಎಂಥ ನಟನಾದರೂ ಮಖಮಲ್ಲು ತೊಟ್ಟ ಒಬ್ಬ ಮನುಷ್ಯ ಅಷ್ಟೇ. ಆ ನೂರು ಜನ ಬೆಳಿಗ್ಗೆ ಐದಕ್ಕೆ ವ್ಯಾನು ಹತ್ತಿ ಬಂದಿರುತ್ತಾರೆ. ಸರದಿಯಲ್ಲಿ ನಿಂತು ಮೀಸೆ ಅಂಟಿಸಿಕೊಂಡಿರುತ್ತಾರೆ. ಗಮ್ಮು ಒಣಗಿ ಮೇಲ್ದುಟಿ ಎಳೆಯುತ್ತಿರುತ್ತದೆ. ಲೈಟಿನ ಕೆಳಗೆ ಕವಚ ಕಾದು ಬೆನ್ನು ಬೆವರಿರುತ್ತದೆ. ಆದರೂ ಶಾಟ್ ಮುಗಿಯುವವರೆಗೆ ಈಟಿ ಅಲುಗಾಡಕೂಡದು. ಮುಂದಿನ ಸಾಲಿನವರಿಗೆ ಹೊಸ ಉಡುಪು, ಹಿಂದಿನ ಸಾಲಿಗೆ ಹಳೆಯದು, ಅದಕ್ಕೂ ಹಿಂದಿನವರಿಗೆ ಬರೀ ತಲೆಗೆ ಮುಂಡಾಸು. ಇದು ನಾವೇ ಮಾಡುವ ಹಂಚಿಕೆ. ಕ್ಯಾಮೆರಾ ಎಲ್ಲಿಯವರೆಗೆ ನೋಡುತ್ತದೋ ಅಲ್ಲಿಯವರೆಗೆ ಮಾತ್ರ ಜರಿ.

ಕಪ್ಪು-ಬಿಳುಪಿನ ಕಾಲದಲ್ಲಿ ಈ ಕೆಲಸ ಇನ್ನೂ ಕಷ್ಟ ಎಂದು ಮಾವನವರು ಹೇಳುತ್ತಿದ್ದರು. ಕೆಂಪು ಹಚ್ಚಿದರೆ ತೆರೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಅಚ್ಚ ಬಿಳಿ ಪಂಚೆ ಉಡಿಸಿದರೆ ಲೈಟಿಗೆ ಹೊಳೆದು ಮುಖವನ್ನೇ ನುಂಗುತ್ತದೆ, ಅದಕ್ಕೆ ಬಟ್ಟೆಯನ್ನು ತಿಳಿಬಣ್ಣದ ನೀರಿಗೆ ಅದ್ದಿ ಉಡಿಸಬೇಕು. ಅರ್ದಾಳ, ಇಂಗಳೀಕ, ಸಫೇದು ಕಲೆಸಿ ನಾಟಕಕ್ಕೆ ಮುಖ ಬರೆಯುತ್ತಿದ್ದ ಕೈಗಳು ಕ್ಯಾಮೆರಾಕ್ಕೆ ತಕ್ಕಂತೆ ಬೂದುಬಣ್ಣದ ಲೆಕ್ಕ ಕಲಿಯಬೇಕಾಯಿತು. ನಾಟಕದ ಕಿರೀಟ ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕೂತವನಿಗೂ ಮಿನುಗಬೇಕು. ಸಿನಿಮಾದ ಕಿರೀಟ ಒಂದು ಮೊಳ ದೂರದಿಂದಲೂ ಗೋಂದಿನ ಗೆರೆ ತೋರಿಸಬಾರದು. 'ರಣಧೀರ ಕಂಠೀರವ' ನೋಡುವಾಗಲೆಲ್ಲ ರಾಜ್‌ಕುಮಾರ್ ಅವರ ಎದೆಯ ಹಾರಗಳ ಸಾಲು ನೋಡುತ್ತೇನೆ. ಯಾವ ಹಾರ ಮೇಲೆ, ಯಾವುದು ಕೆಳಗೆ ಎಂದು ಶಾಟಿನಿಂದ ಶಾಟಿಗೆ ನೆನಪಿಟ್ಟುಕೊಂಡವರು ಯಾರೋ ಇದ್ದರು.

ಆ ಚಿತ್ರದ ನಾಲ್ವರೂ ಕಂಪನಿ ನಾಟಕದ ಅನ್ನ ತಿಂದು ಬೆಳೆದವರು. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಬಾಲಕೃಷ್ಣ ಅವರಿಗೆ ಕಿವಿ ಮಂದ, ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ನರಸಿಂಹರಾಜು ತಿಪಟೂರಿನವರು, ಆಡುವ ವಯಸ್ಸಿನಲ್ಲೇ ರಂಗ ಹತ್ತಿದವರು. ಅಯ್ಯರ್ ಅವರಂತೂ ಮುಂದೆ ಬರಿಗಾಲಲ್ಲಿ ನಡೆಯುತ್ತಲೇ 'ಹಂಸಗೀತೆ', 'ಆದಿ ಶಂಕರಾಚಾರ್ಯ' ಮಾಡಿದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು 'ಕುರುಕ್ಷೇತ್ರ' ಆಡಿದ ಕಂಪನಿ. ಕಂಪನಿಯಲ್ಲಿ ಒಬ್ಬನಿಗೆ ಒಂದೇ ಕೆಲಸ ಇರುತ್ತಿರಲಿಲ್ಲ. ಇವತ್ತು ದೂತನ ಪಾತ್ರ ಮಾಡಿದವನು ನಾಳೆ ಪರದೆ ಎಳೆಯುತ್ತಿದ್ದ. ಹಾಗಾಗಿ ಪರದೆ ಎಳೆಯುವವನ ಹೆಸರು ರಾಜಪಾರ್ಟಿನವನಿಗೂ ಗೊತ್ತಿರುತ್ತಿತ್ತು.

ಈಗಲೂ ನಮ್ಮ ಹಳ್ಳಿ ನಾಟಕದ ಕರಪತ್ರ ತೆಗೆದು ನೋಡಿ. ದುರ್ಯೋಧನನಿಂದ ಹಿಡಿದು ದ್ವಾರಪಾಲಕನವರೆಗೆ ಪಾತ್ರ ಮಾಡಿದ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ಬೀದಿಯ ಹೆಸರು. ಹಾರ್ಮೋನಿಯಂ ಮೇಷ್ಟ್ರು, ತಬಲಾದವರು, ಮೈಕ್ ಸೆಟ್ಟಿನವರು, ಸೀನರಿಯವರು ಎಲ್ಲರೂ ಇರುತ್ತಾರೆ. ಒಂದು ರಾತ್ರಿಯ ನಾಟಕಕ್ಕೆ, ಒಂದು ಊರಿನ ಜನರ ಎದುರು, ತೆಳ್ಳನೆಯ ಗುಲಾಬಿ ಕಾಗದದಲ್ಲಿ ಇಷ್ಟೆಲ್ಲ ಹಿಡಿಯುತ್ತದೆ. ಕೋಟಿಗಟ್ಟಲೆ ಸುರಿದು ಮಾಡುವ ರಾಜರ ಚಿತ್ರದ ಕೊನೆಯಲ್ಲಿ ಮಾತ್ರ 'ಮತ್ತು ಸಹಕಲಾವಿದರು' ಎಂಬ ಒಂದೇ ಸಾಲು.

ಇದರಲ್ಲಿ ಕನ್ನಡದವರಷ್ಟೇ ಹೊಣೆಯಲ್ಲ. 'ಮೊಘಲ್-ಎ-ಆಜಮ್' ಬಗ್ಗೆ ಬರೆದವರೆಲ್ಲ ಒಂದು ವಿವರ ಹೇಳುತ್ತಾರೆ. ಉಡುಪು ಹೊಲಿಯಲು ದಿಲ್ಲಿಯ ದರ್ಜಿಗಳು, ಕಸೂತಿಗೆ ಸೂರತ್ತಿನವರು, ಒಡವೆಗೆ ಹೈದರಾಬಾದಿನ ಅಕ್ಕಸಾಲಿಗರು, ಕಿರೀಟಕ್ಕೆ ಕೊಲ್ಹಾಪುರದವರು, ಆಯುಧಕ್ಕೆ ರಾಜಸ್ಥಾನದ ಕಮ್ಮಾರರು, ಪಾದರಕ್ಷೆಗೆ ಆಗ್ರಾದವರು. ಕನ್ನಡಿ ಮಹಲಿನ ಒಂದು ಸೆಟ್ಟು ಏಳುವುದಕ್ಕೇ ಎರಡು ವರ್ಷ ಹಿಡಿಯಿತು. ಓದಿದಾಗ ನನಗೆ ರೋಮಾಂಚನವಾಗುತ್ತದೆ, ಏಕೆಂದರೆ ಅದು ನನ್ನ ಕಸುಬು. ಕೊಲ್ಹಾಪುರದಲ್ಲಿ ಆ ಕಿರೀಟವನ್ನು ಮೊಣಕಾಲ ಮೇಲಿಟ್ಟುಕೊಂಡು ಕಲ್ಲು ಕೂರಿಸಿದ ಕೈ ಯಾರದು? ಊರಿನ ಹೆಸರು ಉಳಿಯಿತು, ಮನುಷ್ಯನ ಹೆಸರು ಉಳಿಯಲಿಲ್ಲ. ಪೃಥ್ವಿರಾಜ್ ಕಪೂರ್ ಅವರ ತಲೆಯ ಮೇಲೆ ಆ ಕಿರೀಟ ಅರವತ್ತು ವರ್ಷ ದಾಟಿಯೂ ಹೊಳೆಯುತ್ತಿದೆ.

ಹೆಸರಿಗಾಗಿ ಇಷ್ಟು ಮಾತೇ, ಕೂಲಿ ಕೊಟ್ಟ ಮೇಲೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಅವರಿಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಕೋಟೆಯೊಂದರಲ್ಲಿ ಯುದ್ಧದ ದೃಶ್ಯ ನಡೆಯುತ್ತಿತ್ತು. ಚಿತ್ರದ ಹೆಸರು, ಕಂಪನಿಯ ಹೆಸರು ಬೇಡ. ಸೈನಿಕನ ವೇಷದಲ್ಲಿದ್ದ ನಮ್ಮ ತಾಲ್ಲೂಕಿನ ಹುಡುಗನೊಬ್ಬ ಪಾಚಿ ಕಟ್ಟಿದ ಮೆಟ್ಟಿಲಿನಿಂದ ಜಾರಿ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡ. ಆ ದಿನ ಅವನನ್ನು ಆಟೊದಲ್ಲಿ ಆಸ್ಪತ್ರೆಗೆ ಕಳಿಸಿ ಕೈಗೆ ಸ್ವಲ್ಪ ದುಡ್ಡು ಕೊಟ್ಟರು. ಆಪರೇಷನ್ ಆಗಬೇಕು ಎಂದಾಗ ಅವನ ಅಣ್ಣ ಪರಿಹಾರ ಕೇಳಲು ಹೋದ. ಜನ ಒದಗಿಸಿದ ಏಜೆಂಟನ ಪುಸ್ತಕದಲ್ಲಿ ಆ ತಾರೀಕಿನ ಎದುರು ಬರೆದಿದ್ದದ್ದು ಇಷ್ಟೇ: 'ಸೈನಿಕರು – 60'. ಅರವತ್ತರಲ್ಲಿ ಇವನೂ ಒಬ್ಬ ಎನ್ನುವುದಕ್ಕೆ ಪುರಾವೆ ಎಲ್ಲಿದೆ ಎಂದು ಕೇಳಿದರಂತೆ. ಹುಡುಗ ನನ್ನ ಅಂಗಡಿಗೆ ಬಂದು, "ಅಕ್ಕಾ, ನನ್ ಹೆಸ್ರು ಯಾರೂ ಬರ್ಕೊಂಡೇ ಇಲ್ವಂತೆ ಕಣಕ್ಕ. ನೀವೇ ತಾನೆ ನಂಗೆ ಕವಚ ಕಟ್ಟಿದ್ದು, ಒಂದ್ ಮಾತು ಹೇಳಿ" ಅಂದ. ನಾನು ಹೇಳಿದೆ, ಬರೆದೂ ಕೊಟ್ಟೆ. ನನ್ನ ರಸೀದಿಯಲ್ಲೂ ಕವಚಗಳ ಲೆಕ್ಕವಿತ್ತು, ತೊಟ್ಟವರ ಲೆಕ್ಕ ಇರಲಿಲ್ಲ. ಅವನಿಗೆ ಸಿಗಬೇಕಾದದ್ದು ಸಿಗಲಿಲ್ಲ. ಈಗ ಅವನು ಬಲಗೈಯನ್ನು ಭುಜದಿಂದ ಮೇಲೆ ಎತ್ತಲಾರ.

ಹಾಗಾಗಿ ನಾನು ಕೇಳುತ್ತಿರುವುದು ಗೌರವಕ್ಕಾಗಿ ಮಾತ್ರವಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ವಿಮೆ ಉಂಟು, ಪರಿಹಾರ ಉಂಟು, ಕೇಳುವ ಹಕ್ಕು ಉಂಟು. ಹೆಸರಿಲ್ಲದಿದ್ದರೆ ಅವನು ಅಲ್ಲಿಗೆ ಬಂದೇ ಇರಲಿಲ್ಲ.

ಮೈಸೂರಿನವರಿಗೆ 1989ರ ಫೆಬ್ರುವರಿ 8 ಇನ್ನೂ ಮರೆತಿಲ್ಲ. ಪ್ರೀಮಿಯರ್ ಸ್ಟುಡಿಯೊದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿದ್ದು 62 ಜನ ಸತ್ತರು. ಸಡಿಲವಾದ ವೈರಿಂಗು, ಗಾಳಿಯಾಡದ ಒಳಾಂಗಣ, ಸದ್ದು ತಡೆಯಲು ಗೋಡೆಗೆ ಹೊದಿಸಿದ್ದ ಗೋಣಿತಾಟು, ಇವು ಆಗ ಪತ್ರಿಕೆಗಳಲ್ಲಿ ಬಂದ ಕಾರಣಗಳು. ನಾಯಕನಟರೂ ನಿರ್ದೇಶಕರೂ ಆಗಿದ್ದ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಚಿಕಿತ್ಸೆ ಪಡೆದರು, ಹತ್ತಾರು ಶಸ್ತ್ರಚಿಕಿತ್ಸೆಗಳಾದವು. ಅವರು ಬದುಕಿ ಬಂದು ಆ ಕೆಲಸ ಮುಗಿಸಿದ್ದು ಸಣ್ಣ ಮಾತಲ್ಲ. ಧಾರಾವಾಹಿ 1990ರಲ್ಲಿ ದೂರದರ್ಶನದಲ್ಲಿ ಬಂತು, ದೇಶವೇ ಕೂತು ನೋಡಿತು. ಟಿಪ್ಪುವಿನ ಪಾತ್ರ ಯಾರದೆಂದು ಕೇಳಿದರೆ ಇವತ್ತಿಗೂ ನೂರಾರು ಜನ ಹೇಳುತ್ತಾರೆ. ಆ 62 ಜನರಲ್ಲಿ ಒಬ್ಬರ ಹೆಸರು ಹೇಳಿ ಎಂದರೆ ಮೈಸೂರಿನಲ್ಲೇ ಎಷ್ಟು ಜನ ಹೇಳಿಯಾರು? ಟಿಪ್ಪುವಿನ ಕಥೆಯೊಳಗೆ ಕಥೆಗೆ ಸಂಬಂಧವೇ ಇಲ್ಲದ ಈ ಸಾವುಗಳು ಹುದುಗಿಹೋಗಿವೆ. ಮಕ್ಕಳಿಗೆ ಶ್ರೀರಂಗಪಟ್ಟಣ ತೋರಿಸಿ 1799ರ ಯುದ್ಧದ ಪಾಠ ಹೇಳುವ ನಾವು, ಅಲ್ಲಿಂದ ಹದಿನೈದು ಕಿಲೋಮೀಟರ್ ಆಚೆ ಅದೇ ರಾಜನ ಕಥೆ ಕಟ್ಟುತ್ತಾ ಸತ್ತವರ ಬಗ್ಗೆ ಒಂದು ಮಾತೂ ಹೇಳುವುದಿಲ್ಲ.

ಚಿತ್ರವೇ ಹೋದರೆ ಹೆಸರೂ ಹೋಗುತ್ತದೆ. ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನ'ದ ಪ್ರತಿಯೇ ಇಂದು ಇಲ್ಲ. ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ ಎಂದು ನಮಗೆ ಗೊತ್ತಿರುವುದು ಬರೆದಿಟ್ಟದ್ದರಿಂದ. ಲಂಕೆಯ ಆಸ್ಥಾನದಲ್ಲಿ ನಿಂತಿದ್ದ ರಾಕ್ಷಸರ ಹೆಸರು ಬರೆದಿಟ್ಟವರಿಲ್ಲ. ನನ್ನ ಅತ್ತೆಯ ಟ್ರಂಕಿನಲ್ಲಿ ಹಳೆಯ ಚಿತ್ರಗಳ ಹಾಡಿನ ಪುಸ್ತಕಗಳಿವೆ, ಟಾಕೀಸಿನ ಬಾಗಿಲಲ್ಲಿ ಕೆಲವು ಕಾಸಿಗೆ ಮಾರುತ್ತಿದ್ದಂಥವು. ಅವುಗಳ ಒಳಪುಟದಲ್ಲಿ ವಸ್ತ್ರಾಲಂಕಾರ, ಪ್ರಸಾಧನ, ಕಲೆ ಎಂದು ಹೆಸರುಗಳ ಸಾಲು ಇರುತ್ತದೆ. ಎಷ್ಟೋ ಜನರ ಜೀವಮಾನದ ದುಡಿಮೆಗೆ ಉಳಿದಿರುವ ಸಾಕ್ಷಿ ಆ ಒಂದು ಪುಟ.

ಬಿ.ಆರ್. ಪಂತುಲು ಅವರನ್ನು ಇಲ್ಲಿ ನೆನೆಯಬೇಕು. ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರೊಂದಿಗೆ 'ವೀರಪಾಂಡ್ಯ ಕಟ್ಟಬೊಮ್ಮನ್' ಮಾಡಿದ ಅವರು 1961ರಲ್ಲಿ ಬಿ. ಸರೋಜಾದೇವಿ ಅವರಿಂದ 'ಕಿತ್ತೂರು ಚೆನ್ನಮ್ಮ' ಮಾಡಿಸಿದರು. 1970ರ 'ಶ್ರೀಕೃಷ್ಣದೇವರಾಯ'ದಲ್ಲಿ ರಾಜ್‌ಕುಮಾರ್ ರಾಯ, ಪಂತುಲು ಅವರೇ ತಿಮ್ಮರಸು. ಆ ಪಾತ್ರಕ್ಕೆ ತಮಗೆ ಬಂದ ರಾಜ್ಯ ಪ್ರಶಸ್ತಿಯನ್ನು, ಅದು ರಾಜ್‌ಕುಮಾರ್‌ಗೆ ಸಲ್ಲಬೇಕಾದದ್ದು ಎಂದು ಅವರು ಒಪ್ಪಲಿಲ್ಲ ಎಂದು ಚಿತ್ರರಂಗದಲ್ಲಿ ಹೇಳಿಕೊಳ್ಳುವುದುಂಟು. ನಿರ್ಮಾಪಕ, ನಿರ್ದೇಶಕ, ನಟ ಮೂರೂ ಆಗಿದ್ದವರಿಗೆ ಪಕ್ಕದವನ ಕೆಲಸ ಕಾಣಿಸುತ್ತಿತ್ತು. ಆ ಕಣ್ಣು ಸಿಂಹಾಸನದ ಎರಡನೆಯ ಮೆಟ್ಟಿಲಿನಿಂದ ಕೆಳಗೂ ಇಳಿಯಲಿ ಎನ್ನುವುದು ನನ್ನ ಬೇಡಿಕೆ.

ಕಾನೂನು ಇಲ್ಲವೆಂದಲ್ಲ. ಸಿನಿಮಾ ಕಾರ್ಮಿಕರಿಗೆ ಲಿಖಿತ ಕರಾರು ಇರಬೇಕೆಂದು ಕೇಂದ್ರ ಸರ್ಕಾರ 1981ರಲ್ಲೇ ಕಾಯಿದೆ ಮಾಡಿತ್ತು. 2024ರಲ್ಲಿ ನಮ್ಮ ರಾಜ್ಯ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆಂದೇ ಕಾಯಿದೆ ತಂದಿದೆ. ಟಿಕೆಟ್ಟು ಮತ್ತು ಚಂದಾ ಹಣದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ ನಿಧಿ ಕಟ್ಟುವುದು, ಕಾರ್ಮಿಕರನ್ನು ನೋಂದಾಯಿಸುವುದು ಅದರ ಉದ್ದೇಶ. ಒಳ್ಳೆಯ ಕಾಯಿದೆ, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಸದಸ್ಯತ್ವದ ಕಾರ್ಡಿರುವವರು ಕಾರ್ಮಿಕರ ಒಕ್ಕೂಟದ ಮೂಲಕ ಹೇಗೋ ದಾಖಲಾಗುತ್ತಾರೆ. ಕೋಟೆಯ ಪಕ್ಕದ ಊರಿನಿಂದ ಎರಡು ದಿನಕ್ಕೆಂದು ಕರೆತಂದ ಅರವತ್ತು ಸೈನಿಕರು ದಾಖಲಾಗುವುದಿಲ್ಲ. ಐತಿಹಾಸಿಕ ಚಿತ್ರಗಳು ನಿಲ್ಲುವುದೇ ಅಂಥವರ ಮೇಲೆ. ಸಾಮಾಜಿಕ ಚಿತ್ರಕ್ಕೆ ನಾಲ್ಕು ಗೋಡೆ, ಎಂಟು ಜನ ಸಾಕು. ಯುದ್ಧಕ್ಕೆ, ಪಟ್ಟಾಭಿಷೇಕಕ್ಕೆ ಊರು ಬೇಕು.

ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ. ಆ ಅರ್ಜಿಯ ಜೊತೆಗೆ ಎರಡು ಕಾಗದ ಕಡ್ಡಾಯವಾಗಲಿ. ಒಂದು, ಚಿತ್ರೀಕರಣದ ಪ್ರತಿದಿನ ಸೆಟ್ಟಿಗೆ ಬಂದ ಪ್ರತಿಯೊಬ್ಬರ ಹೆಸರು, ಊರು, ಕೆಲಸ ಇರುವ ಹಾಜರಿ ಪಟ್ಟಿ, ಅದಕ್ಕೆ ಅವರವರದೇ ಸಹಿ ಅಥವಾ ಹೆಬ್ಬೆಟ್ಟು. ಇನ್ನೊಂದು, ಆ ಪಟ್ಟಿಯಲ್ಲಿರುವ ಎಲ್ಲರಿಗೂ ಅನ್ವಯಿಸುವ ವಿಮೆಯ ಪ್ರತಿ. ಪಟ್ಟಿಯ ಒಂದು ನಕಲು ಕರ್ನಾಟಕ ಚಲನಚಿತ್ರ ಅಕಾಡೆಮಿಯಲ್ಲಿ ಇರಲಿ, ಯಾರು ಕೇಳಿದರೂ ಸಿಗಲಿ. ವಸ್ತ್ರಾಲಂಕಾರ, ಕಲೆ, ಪ್ರಸಾಧನ, ಸಾಹಸ, ಕುದುರೆ ನೋಡಿಕೊಳ್ಳುವವರು, ಅಡುಗೆಯವರು, ಸಹಕಲಾವಿದರು ಎಲ್ಲರ ಹೆಸರೂ ಚಿತ್ರದ ಕೊನೆಯಲ್ಲಿ ಬರಲಿ.

ಅಷ್ಟು ಹೆಸರು ಓಡಿಸಿದರೆ ಜನ ಎದ್ದು ಹೋಗುತ್ತಾರೆ ಎಂದು ನಿರ್ಮಾಪಕರೊಬ್ಬರು ನನಗೆ ಹೇಳಿದರು. ಹೋಗಲಿ. ಈಗಿನ ದೊಡ್ಡ ಚಿತ್ರಗಳ ಕೊನೆಯಲ್ಲಿ ಗ್ರಾಫಿಕ್ಸ್ ಮಾಡಿದವರ ಹೆಸರುಗಳು ಸಾಲುಸಾಲಾಗಿ ಬರುತ್ತವೆ, ಆಗಲೂ ಜನ ಎದ್ದು ಹೋಗುತ್ತಾರೆ, ಆದರೂ ಆ ಹೆಸರುಗಳು ಅಲ್ಲಿರುತ್ತವೆ. ಅದು ಸರಿಯೇ, ಕಂಪ್ಯೂಟರಿನ ಮುಂದೆ ಕೂತು ಒಂದು ಸೈನ್ಯವನ್ನು ಹತ್ತಾಗಿಸುವವರದೂ ಕಣ್ಣು ಸೋಲಿಸುವ ದುಡಿಮೆ. ಆದರೆ ಹತ್ತಾಗಿಸುವುದಕ್ಕೆ ಮೊದಲು ಒಂದು ಸೈನ್ಯ ಬಿಸಿಲಲ್ಲಿ ನಿಂತಿರಬೇಕಲ್ಲ, ಅವರ ಹೆಸರೂ ಬರಲಿ. ನೋಡುವವರು ಯಾರು ಎಂದರೆ, ಅವರ ಮನೆಯವರು ನೋಡುತ್ತಾರೆ. ತಾಯಿ ನೋಡುತ್ತಾಳೆ. ನಾಳೆ ಮೊಮ್ಮಗ ಮೊಬೈಲಿನಲ್ಲಿ ನಿಲ್ಲಿಸಿ ನೋಡುತ್ತಾನೆ.

ಖರ್ಚಿನ ಮಾತೂ ಬರುತ್ತದೆ, ಕನ್ನಡದ ಮಾರುಕಟ್ಟೆ ಸಣ್ಣದು ಎನ್ನುತ್ತಾರೆ. 1960ರಲ್ಲಿ ಅದು ಇನ್ನೂ ಸಣ್ಣದಿತ್ತು. ತಮ್ಮ ದುಡ್ಡು, ತಮ್ಮ ದೇಹ, ತಮ್ಮ ಹೆಸರು ಮೂರನ್ನೂ ಪಣಕ್ಕಿಟ್ಟು ನಾಲ್ವರು ಕಲಾವಿದರು ರಾಜನ ಚಿತ್ರ ಮಾಡಿ ತೋರಿಸಿದ್ದಾರೆ. ಹಾಜರಿ ಪುಸ್ತಕಕ್ಕೂ ವಿಮೆಯ ಕಂತಿಗೂ ಆಗುವ ಖರ್ಚು ನಾಯಕನ ಒಂದು ಪೋಷಾಕಿನ ಖರ್ಚಿನ ಹತ್ತಿರವೂ ಬಾರದು. ಪೋಷಾಕು ಹೊಲಿಯುವವಳಾದ್ದರಿಂದ ಈ ಲೆಕ್ಕ ನನಗೆ ಗೊತ್ತು.

ಸರ್ಕಾರ ಮಾಡುವವರೆಗೆ ನಾನು ಕಾಯುವುದಿಲ್ಲ. ಆ ಹುಡುಗನ ಹೆಗಲು ಮುರಿದ ಮೇಲೆ ನನ್ನ ಬಾಡಿಗೆ ರಸೀದಿಯಲ್ಲಿ ಒಂದು ಕಲಮು ಸೇರಿಸಿದ್ದೇನೆ: ಉಡುಪು ತೊಟ್ಟವರ ಹೆಸರು ಮತ್ತು ಊರು. ಸೆಟ್ಟಿನಲ್ಲಿ ಕವಚ ಕಟ್ಟುವಾಗಲೇ ಕೇಳಿ ಬರೆದುಕೊಳ್ಳುತ್ತೇನೆ, ಅವರಿಂದ ಸಹಿ ಹಾಕಿಸಿಕೊಳ್ಳುತ್ತೇನೆ, ಒಂದು ಪ್ರತಿಯನ್ನು ಪ್ರೊಡಕ್ಷನ್ ಮ್ಯಾನೇಜರ್ ಕೈಗೆ ಕೊಡುತ್ತೇನೆ. ಕೆಲವರು ಗೊಣಗಿದರು, ಒಂದು ಕಂಪನಿಯವರು ಬೇರೆ ಅಂಗಡಿಗೆ ಹೋದರು. ಮೈಸೂರು, ತುಮಕೂರು, ಹಾಸನದ ಸೀನರಿಯವರಲ್ಲಿ ನನ್ನ ವಿನಂತಿ ಇದು: ನೀವೂ ಈ ಕಲಮು ಸೇರಿಸಿ. ನಾವೆಲ್ಲರೂ ಕೇಳಿದರೆ ಅವರು ಹೋಗುವುದಾದರೂ ಯಾವ ಅಂಗಡಿಗೆ?